ದೊಡ್ಡಮ್ಮನ ಸೋಮವಾರದ ಮಾತ್ರೆ

ಬರೆಯದೆ ಬಹಳ ದಿನ ಆಯ್ತು. ಆಫೀಸು, ರಿಲೀಸು, ಅದು ಇದು... ಈ ಸಲ ಬರೆಯಲು ಕೂರಿಸಿದವರು ನಮ್ಮ ದೊಡ್ಡಮ್ಮ.

ನಮ್ಮದು ನಂಜನಗೂಡು, ದೊಡ್ಡಮ್ಮನದು ತಿ. ನರಸೀಪುರ. ಹತ್ತು ವರ್ಷದಿಂದ ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಿನ ಮಂಡಿನೋವಲ್ಲ ಇದು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ. ಬೆಳಿಗ್ಗೆ ಎದ್ದು ಒಂದು ಗಂಟೆ ಬೆರಳು ಮಡಚಲಾಗದು. ಅದಕ್ಕೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್. ಮರೆಯಬಾರದು, ತಪ್ಪಿ ದಿನಾ ನುಂಗಲೂಬಾರದು ಅಂತ ದೊಡ್ಡಮ್ಮ ಅದನ್ನು ನಂಜುಂಡೇಶ್ವರನ ವಾರಕ್ಕೆ ಗಂಟು ಹಾಕಿದ್ದಾರೆ. ಸೋಮವಾರದ ಮಾತ್ರೆ!

ಮೊನ್ನೆ ಫೋನ್ ಮಾಡಿ, "ಹೊಸ ಔಷಧಿ ಪ್ರಯೋಗ ಮಾಡ್ತಾರಂತಲ್ಲೋ, ನಾನೂ ಸೇರ್ಕೋಬೋದಾ? ಇಲಿ ಮಾಡ್ಬಿಡ್ತಾರಾ ನನ್ನ?" ಅಂದರು. ಹುಡುಕಲು ಕೂತವನು ಆ ಮಾತ್ರೆಯ ಚರಿತ್ರೆಯೊಳಗೇ ಬಿದ್ದೆ.

ಅದರ ಮೂಲದಲ್ಲಿ ನಮ್ಮ ಪಕ್ಕದ ರಾಜ್ಯದವರೊಬ್ಬರಿದ್ದಾರೆ. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ತಯಾರಿಸಿದ ಅಮಿನಾಪ್ಟೆರಿನ್ನನ್ನು ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು, 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. 1951ರಲ್ಲಿ ಗಬ್ನರ್ ಎಂಬ ವೈದ್ಯ ಅದೇ ಔಷಧಿಯನ್ನು ಕೀಲುವಾತಕ್ಕೆ ಕೊಟ್ಟು ಗುಣ ಕಂಡರು. ಆದರೆ ಆಗ ಕಾರ್ಟಿಸೋನಿನ ಅಬ್ಬರ. 1950ರಲ್ಲಷ್ಟೇ ಅದಕ್ಕೆ ನೊಬೆಲ್ ಬಂದಿತ್ತು. ಇದನ್ನು ಕೇಳುವವರು ಕಡಿಮೆ.

1985ರಲ್ಲಿ ವೈನ್‌ಬ್ಲಾಟ್ ಮತ್ತು ಸಂಗಡಿಗರು ಅಮಿನಾಪ್ಟೆರಿನ್ನಿನ ತಮ್ಮನಾದ ಮೆಥೋಟ್ರೆಕ್ಸೇಟಿನ ಪ್ರಯೋಗ ಪ್ರಕಟಿಸಿದರು. 28 ರೋಗಿಗಳು, 24 ವಾರ. ಒಂದಷ್ಟು ಕಾಲ ಔಷಧಿ, ಒಂದಷ್ಟು ಕಾಲ ಹುಸಿ ಮಾತ್ರೆ. ಯಾವಾಗ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 1988ರಲ್ಲಿ ಅಮೆರಿಕ ಅದನ್ನು ಈ ಕಾಯಿಲೆಗೆ ಒಪ್ಪಿತು.

ನಮ್ಮ ಕಡೆಯದೂ ಒಂದಿದೆ. ನಂಜನಗೂಡಿನವರಿಗೆ 1913ರಲ್ಲಿ ಬಿ. ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆ ಗೊತ್ತು (ಹಲ್ಲುಪುಡಿಯಂತೂ ಎಲ್ಲರಿಗೂ ಗೊತ್ತು :-)). 'ಇಂಗ್ಲಿಷ್ ಮಾತ್ರೆ ಬೇಕಾ, ಆಯುರ್ವೇದ ಸಾಕಾ' ಎಂಬ ಜಗಳ ನಮ್ಮ ಮನೆಯಲ್ಲಿ ಮುಗಿದದ್ದೇ ಇಲ್ಲ. ಚಾಮರಾಜನಗರ ದಾಟಿ, ದಿಂಬಂ ಘಾಟಿ ಇಳಿದರೆ ಸಿಗುವ ಕೊಯಮತ್ತೂರಿನಲ್ಲಿ ಈ ಜಗಳವನ್ನೇ ಪ್ರಯೋಗಕ್ಕಿಟ್ಟರು. 2011ರಲ್ಲಿ ಪ್ರಕಟವಾದ ಅದರಲ್ಲಿ 43 ರೋಗಿಗಳು: 14 ಜನಕ್ಕೆ ಮೆಥೋಟ್ರೆಕ್ಸೇಟ್, 12 ಜನಕ್ಕೆ ಆಯುರ್ವೇದ, 17 ಜನಕ್ಕೆ ಎರಡೂ. ಯಾರಿಗೆ ಯಾವುದೆಂದು ತಿಳಿಯದಂತೆ ಹುಸಿ ಔಷಧಿಗಳನ್ನೂ ತಯಾರಿಸಿದ್ದರು. 36 ವಾರದ ನಂತರ ಮೂರೂ ಗುಂಪಿನ ಫಲ ಹೆಚ್ಚುಕಡಿಮೆ ಒಂದೇ. ಆದರೆ 43 ಜನ ತೀರ್ಪಿಗೆ ಸಾಲರು. ಅದು ಬರೀ ಮೊದಲ ಹೆಜ್ಜೆ.

ಇನ್ನು ದೊಡ್ಡಮ್ಮನ ಪ್ರಶ್ನೆ. ಭಾರತದ ಪ್ರಯೋಗಗಳಿಗೆ 2007ರ ಜುಲೈಯಿಂದ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಪಟ್ಟಿಯಿದೆ; 2009ರ ಜೂನ್ 15ರಿಂದ ನೋಂದಣಿ ಕಡ್ಡಾಯ. ಕಾಯಿಲೆಯ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು. ಯಾವ ಆಸ್ಪತ್ರೆ, ಯಾರನ್ನು ಸೇರಿಸುತ್ತಾರೆ, ಯಾರನ್ನು ಸೇರಿಸುವುದಿಲ್ಲ, ನೈತಿಕ ಸಮಿತಿ ಒಪ್ಪಿದೆಯೇ, ಎಲ್ಲ ಅಲ್ಲಿದೆ. ಒಪ್ಪಿಗೆ ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಬೇಡವೆನಿಸಿದಾಗ ಹೊರಬರಬಹುದು, ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ. 2019ರ ನಿಯಮಗಳಲ್ಲಿ ಇದೆಲ್ಲ ಇದೆ. ಇಲಿಗೆ ಇವ್ಯಾವುದೂ ಇಲ್ಲ.

ಬೆಂಗಳೂರಿನಲ್ಲಿ ಒಂದು ಪ್ರಯೋಗ ಸಿಕ್ಕಿತು. ಓದುತ್ತಾ ಹೋದರೆ, ಹಿಂದೆ ಕ್ಷಯ ಆಗಿದ್ದವರು ಸೇರುವಂತಿಲ್ಲ. ದೊಡ್ಡಮ್ಮನಿಗೆ ಮದುವೆಗೆ ಮುಂಚೆ ಆಗಿತ್ತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯಿಂದ ಮಲಗಿದ್ದ ಕ್ಷಯ ಏಳಬಹುದು, ಅದಕ್ಕೇ ಆ ನಿಯಮ. ಹೇಗೆ ಹೇಳುವುದು ಅಂತ ಎರಡು ದಿನ ತಳ್ಳಿ, ಆಮೇಲೆ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು. ಆ ಇಪ್ಪತ್ತೆಂಟು ಜನರ ಹೆಸರು ಗೊತ್ತಾ ನಿಂಗೆ?" ಅಂದರು.

"ಇಲ್ಲ ದೊಡ್ಡಮ್ಮ, ಹೆಸರು ಬರೆಯೋಲ್ಲ."

"ಹಂಗಾದ್ರೆ ಸುಮ್ನೆ ಸೋಮವಾರ ನೆನೆಸ್ಕೋತೀನಿ."