ಹಿಮದ ಪದರಗಳನ್ನು ಓದಿದವರು

ಆಲ್ಪ್ಸ್ ಪರ್ವತದ ಹಳ್ಳಿಗರಿಗೆ ಹಿಮಕುಸಿತ ಎಂಬುದು ಶತಮಾನಗಳ ಕಾಲ ದೇವರ ಮುನಿಸಾಗಿತ್ತು. ಕ್ಷಣಾರ್ಧದಲ್ಲಿ ಉರುಳಿಬಂದು ಮನೆ, ಕೊಟ್ಟಿಗೆಗಳನ್ನು ಹೂತುಹಾಕುವ ಈ ಬಿಳಿ ಮಾರಿಯೆದುರು ಅವರಿಗಿದ್ದ ದಾರಿ ಎರಡೇ. ಒಂದು ಪ್ರಾರ್ಥನೆ, ಇನ್ನೊಂದು ಊರ ಮೇಲಿನ ಕಾಡನ್ನು ಕಾಯುವುದು. ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್ ಗ್ರಾಮಸ್ಥರು 1397ರಷ್ಟು ಹಿಂದೆಯೇ ತಮ್ಮ ಕಾಡಿಗೆ ಯಾರೂ ಕೊಡಲಿ ಹಾಕಬಾರದೆಂದು ಕಟ್ಟಳೆ ಮಾಡಿದ್ದರು.

ಹಿಮ ಎಲ್ಲೆಲ್ಲಿ ಕುಸಿಯುತ್ತದೆ ಎಂದು ಕ್ರಮವಾಗಿ ದಾಖಲಿಸಿದವರು ಅದೇ ದೇಶದ ಅರಣ್ಯಾಧಿಕಾರಿ ಯೋಹಾನ್ ಕೋಆಜ್. ಅವರ ಗ್ರಂಥ 1881ರಲ್ಲಿ ಪ್ರಕಟವಾಯಿತು. ಆದರೆ ಹಿಮ ಏಕೆ ಕುಸಿಯುತ್ತದೆ? ಈ ಪ್ರಶ್ನೆಯ ಬೆನ್ನು ಹತ್ತಿ 1936ರಲ್ಲಿ ಕೆಲವು ವಿಜ್ಞಾನಿಗಳು ದಾವೋಸ್ ಪಟ್ಟಣದ ಮೇಲಿನ ವೈಸ್‌ಫ್ಲೂಯೋಹ್ ಶಿಖರ ಪ್ರದೇಶದಲ್ಲಿ ಸಣ್ಣ ಪ್ರಯೋಗಾಲಯ ಹೂಡಿದರು. ಅವರಲ್ಲಿ ಪ್ರಮುಖರಾದ ರಾಬರ್ಟ್ ಹೇಫೆಲಿ ಮಣ್ಣಿನ ಗುಣ ಬಲ್ಲ ಎಂಜಿನಿಯರ್. ಕಟ್ಟಡದ ತಳಪಾಯಕ್ಕೆ ಮಣ್ಣು ಪರೀಕ್ಷಿಸುವಂತೆಯೇ ಅವರು ಹಿಮವನ್ನು ಅಗೆದು, ಪದರ ಪದರವಾಗಿ ಪರೀಕ್ಷಿಸಿದರು.

ಮೇಲಿನಿಂದ ಒಂದೇ ಬಿಳಿ ಹಾಸಾಗಿ ಕಾಣುವ ಹಿಮದಲ್ಲಿ ಒಂದೊಂದು ಸಲ ಬಿದ್ದದ್ದೂ ಒಂದೊಂದು ಪದರ. ನೆಲಕ್ಕೆ ತಾಗಿದ ಹಿಮದ ಉಷ್ಣತೆ ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಮೇಲ್ಮೈ ರಾತ್ರಿಯ ಹೊತ್ತು ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಹಾಸು ತೆಳುವಾಗಿದ್ದಾಗ ಈ ಅಂತರ ತೀವ್ರವಾಗಿ, ಕೆಳಗಿನ ಆವಿ ಮೇಲೇರುತ್ತದೆ. ಆಗ ಹಿಮದ ಹರಳುಗಳು ಒಂದಕ್ಕೊಂದು ಅಂಟಿಕೊಳ್ಳದೆ ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿ ಅದನ್ನು ಒತ್ತಿ ಚಪ್ಪಡಿಯಂತೆ ಗಟ್ಟಿಯಾಗಿಸಿದರೆ ಅಪಾಯ ಸಿದ್ಧವಾದಂತೆ. 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಅಂಥ ಚಪ್ಪಡಿ ಜಾರಲು ಒಬ್ಬ ಮನುಷ್ಯನ ಭಾರವೇ ಸಾಕು.

1942ರಲ್ಲಿ ಈ ಪ್ರಯೋಗಾಲಯ ರಾಷ್ಟ್ರೀಯ ಸಂಸ್ಥೆಯಾಯಿತು. 1945ರಲ್ಲಿ ಸೇನೆಯಿಂದ ಎಚ್ಚರಿಕೆ ನೀಡುವ ಹೊಣೆಯನ್ನೂ ವಹಿಸಿಕೊಂಡಿತು. 1950–51ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡ್ ಒಂದರಲ್ಲೇ 98 ಮಂದಿ ಹಿಮಕ್ಕೆ ಬಲಿಯಾದಾಗ, ಊರುಗಳ ಮೇಲಿನ ಇಳಿಜಾರುಗಳಲ್ಲಿ ಹಿಮ ತಡೆಯುವ ಬೇಲಿಗಳನ್ನು ನಿರ್ಮಿಸುವ ಕೆಲಸ ಬಿರುಸಾಯಿತು. ಐರೋಪ್ಯ ದೇಶಗಳು 1993ರಲ್ಲಿ ಐದು ಹಂತಗಳ ಅಪಾಯ ಸೂಚಿಯನ್ನು ಒಪ್ಪಿಕೊಂಡವು.

ಊರುಗಳು ಹೆಚ್ಚು ಸುರಕ್ಷಿತವಾದವು. ಆದರೆ ಸಾವು ನಿಲ್ಲಲಿಲ್ಲ. ಇಂದು ಆಲ್ಪ್ಸ್‌ನಲ್ಲಿ ಸಾಯುವವರಲ್ಲಿ ಬಹುಪಾಲು ಮಂದಿ ಸಿದ್ಧಪಡಿಸಿದ ಹಾದಿ ಬಿಟ್ಟು, ಯಾರೂ ತುಳಿಯದ ಹಿಮವನ್ನು ಅರಸಿ ಹೋಗುವ ಸ್ಕೀ ಹವ್ಯಾಸಿಗಳು. ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಹಿಮ ಕುಸಿಯುವುದು ಅವರದೇ ಅಥವಾ ಅವರ ಸಂಗಡಿಗರ ಭಾರದಿಂದ. ಅತಿ ಹೆಚ್ಚು ಸಾವು ಸಂಭವಿಸುವುದು ಐದನೆಯ ಹಂತದಲ್ಲಲ್ಲ, ಮೂರನೆಯದರಲ್ಲಿ. ಐದೆಂದರೆ ಎಲ್ಲರೂ ಮನೆಯಲ್ಲೇ ಉಳಿಯುತ್ತಾರೆ. ಮೂರು ಎಂದರೆ ಪರವಾಗಿಲ್ಲ ಎಂದುಕೊಂಡು ಹೊರಡುವವರು ಅನೇಕರು.

ಹೂತುಹೋದವರಿಗೆ ಉಳಿಯುವ ಕಾಲ ಅತ್ಯಲ್ಪ. ಮೊದಲ ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಸುಮಾರು ಮೂವರು. ದೂರದ ನೆರವು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. 1968ರಲ್ಲಿ ಅಮೆರಿಕದ ಜಾನ್ ಲಾಟನ್ ರೂಪಿಸಿದ, ಮೈಮೇಲೆ ಧರಿಸುವ ರೇಡಿಯೊ ಸಂಕೇತ ಯಂತ್ರದ ಮಹತ್ವ ಇದರಲ್ಲಿದೆ. ಅದರಿಂದ ಜೊತೆಗಾರರೇ ಹುಡುಕಬಹುದು. ಆದರೆ ಹಿಮಕ್ಕೆ ಚುಚ್ಚಿ ನೋಡುವ ಕೋಲು, ಅಗೆಯುವ ಸಲಿಕೆ ಜೊತೆಯಲ್ಲಿರದಿದ್ದರೆ ಯಂತ್ರವೊಂದರಿಂದ ಪ್ರಯೋಜನವಿಲ್ಲ.

ಭಾರತದಲ್ಲಿ ಈ ಅಧ್ಯಯನಕ್ಕೆ 1969ರಲ್ಲಿ ಮನಾಲಿಯಲ್ಲಿ ರಕ್ಷಣಾ ಇಲಾಖೆಯ ಸಂಸ್ಥೆ ಆರಂಭವಾಯಿತು. ಸ್ಕೀಗೆ ಹೆಸರಾದ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 2023ರ ಫೆಬ್ರುವರಿಯಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳು ರಷ್ಯಾದ ಒಬ್ಬರು ಹಿಮದಡಿ ಸಿಲುಕಿ ಸತ್ತರು. ಕನ್ನಡಿಗರಿಗೆ ಹಿಮಕುಸಿತ ಮನೆಯ ದುಃಖವಾದದ್ದು 2016ರ ಫೆಬ್ರುವರಿಯಲ್ಲಿ. ಸಿಯಾಚಿನ್‌ನಲ್ಲಿ ಹತ್ತು ಯೋಧರು ಹಿಮದಡಿ ಸಿಲುಕಿದ್ದರು. ಆರು ದಿನಗಳ ನಂತರ ಜೀವಂತ ಸಿಕ್ಕಿದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ದೆಹಲಿಯಲ್ಲಿ ಕೊನೆಯುಸಿರೆಳೆದರು.

ಕರ್ತವ್ಯದ ಮೇಲಿದ್ದ ಯೋಧರಿಗೆ ಆ ಜಾಗ ಬಿಟ್ಟು ಬರುವ ಅವಕಾಶವಿರಲಿಲ್ಲ. ಮೋಜಿಗಾಗಿ ಬೆಟ್ಟ ಏರಿದವರಿಗೆ ಅದು ಇದೆ. ಬೆಳಗಿನ ಸೂಚನೆ ಓದಿ, ಇಳಿಜಾರು ಅಳೆದು, ಸಂಶಯ ಬಂದರೆ ಹಿಂದಿರುಗುವುದು ಅವರ ಕೈಯಲ್ಲೇ ಇದೆ.