ಲೂಟಿ ಅನ್ನೋ ನಾಯಿ, ಅಂಗೈಯಗಲದ ಮರಿಗಳು

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಹತ್ತಿರ ಒಂದು ಪುಟ್ಟ ನಾಯಿ ಇತ್ತು. ಅದರ ಹೆಸರು ಲೂಟಿ. ಹೌದು, ನಾವು ನೀವು ಕನ್ನಡದಲ್ಲಿ ಬಳಸೋ ಅದೇ ಲೂಟಿ! ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋಗಿ ಸೇರಿಕೊಂಡ ಪದ ಅದು. ಲೂಟಿ ಮಾಡಿ ತಂದ ನಾಯಿಗೆ ಲೂಟಿ ಅಂತಲೇ ಹೆಸರಿಟ್ಟು ರಾಣಿಗೆ ಕೊಟ್ಟರು. ಸಂಕೋಚ ಅನ್ನೋದೇ ಇರಲಿಲ್ಲ ಅಂತ ಕಾಣುತ್ತೆ.

ಕಥೆ 1860ರ ಅಕ್ಟೋಬರ್ ತಿಂಗಳದ್ದು. ಎರಡನೇ ಅಫೀಮು ಯುದ್ಧದ ಕೊನೆಯ ದಿನಗಳು. ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯ ಬೀಜಿಂಗ್ ಹೊರವಲಯದ ಬೇಸಿಗೆ ಅರಮನೆಗೆ ನುಗ್ಗಿತು. ಮೊದಲು ದೋಚಿದರು, ಆಮೇಲೆ ಲಾರ್ಡ್ ಎಲ್ಗಿನ್ ಅಪ್ಪಣೆಯಂತೆ ಬೆಂಕಿ ಇಟ್ಟರು. (ಈ ಎಲ್ಗಿನ್ನೇ 1862ರಲ್ಲಿ ನಮ್ಮ ದೇಶಕ್ಕೆ ವೈಸ್‌ರಾಯ್ ಆಗಿ ಬಂದವನು.) ಆ ದಂಡಯಾತ್ರೆಯಲ್ಲಿ ಭಾರತದ ಸೈನಿಕರೂ ಇದ್ದರು. ಮದ್ರಾಸ್ ಸ್ಯಾಪರ್ಸ್ ಪಡೆಯೂ ಹೋಗಿತ್ತು. ಹಲಸೂರು ಕೆರೆ ಕಡೆ ಓಡಾಡುವವರಿಗೆ ಅವರ ಇಂದಿನ ನೆಲೆ ಎಂ.ಇ.ಜಿ. ಚೆನ್ನಾಗಿಯೇ ಗೊತ್ತಿರುತ್ತೆ.

ಆ ಅರಮನೆಯಲ್ಲಿ ಸಿಕ್ಕ ಪೆಕಿಂಗೀಸ್ ನಾಯಿಗಳಲ್ಲಿ ಒಂದನ್ನು ಕ್ಯಾಪ್ಟನ್ ಡನ್ ಎಂಬುವವನು ತಂದು 1861ರಲ್ಲಿ ರಾಣಿಗೆ ಒಪ್ಪಿಸಿದ. ಅದೇ ವರ್ಷ ಫ್ರೆಡ್ರಿಕ್ ಕೈಲ್ ಅನ್ನೋ ಕಲಾವಿದ ಅದರ ಚಿತ್ರ ಬರೆದ. ಊರು, ಮನೆ, ಜೊತೆಗಾರರು ಎಲ್ಲ ಕಳೆದುಕೊಂಡ ಲೂಟಿ 1872ರ ತನಕ ಬದುಕಿತ್ತು. ಅಂಥಾ ಪ್ರಯಾಣ ಮಾಡಿ ಅಷ್ಟು ವರ್ಷ ಬದುಕಿದ್ದು ಸಣ್ಣ ಮಾತಲ್ಲ. ಯಾಕಂದ್ರೆ ಇಂಥ ಕಿರುಜಾತಿಯ ನಾಯಿಗಳಿಗೆ ಮೊದಲ ಎರಡು ತಿಂಗಳು ದಾಟುವುದೇ ದೊಡ್ಡ ಕಂಟಕ.

ಇಷ್ಟು ಚಿಕ್ಕ ನಾಯಿ ಬೇಕು ಅನ್ನೋ ಆಸೆ ಚೀನಾದ ದೊರೆಗಳಿಗೆ ಮಾತ್ರ ಇದ್ದದ್ದಲ್ಲ. ರೋಮನ್ನರ ಕಾಲದಲ್ಲೂ ಮಡಿಲ ನಾಯಿಗಳಿದ್ದವು. ಅವನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಹೊಟ್ಟೆನೋವು ನಾಯಿಗೆ ಹೋಗುತ್ತೆ ಅನ್ನೋ ನಂಬಿಕೆಯನ್ನ ಪ್ಲಿನಿ ಬರೆದಿಟ್ಟಿದ್ದಾನೆ. 1570ರಲ್ಲಿ ಜಾನ್ ಕೈಯಸ್ ಅನ್ನೋ ಇಂಗ್ಲಿಷ್ ವೈದ್ಯ ಬ್ರಿಟನ್ನಿನ ನಾಯಿಗಳ ಬಗ್ಗೆ ಪುಸ್ತಕ ಬರೆದಾಗಲೂ ಇದೇ ಮಾತು. ಶ್ರೀಮಂತ ಹೆಂಗಸರು ಎದೆಗವಚಿಕೊಳ್ಳೋ ಈ ನಾಯಿಗಳು ಚಿಕ್ಕದಾದಷ್ಟೂ ಖುಷಿ ಜಾಸ್ತಿ ಅಂತ ಆತ ವ್ಯಂಗ್ಯವಾಡುತ್ತಾನೆ. ಬಿಸಿನೀರಿನ ಚೀಲದ ಕೆಲಸವನ್ನು ನಾಯಿಮರಿ ಮಾಡ್ತಿತ್ತು ಅನ್ನಿ.

ಮರಿ ಚಿಕ್ಕದಾಗಿಯೇ ಉಳಿಯಲಿ ಅಂತ ಜನ ಏನೇನು ಮಾಡಿದರು ನೋಡಿ. ಕ್ಯಾಥರೀನ್ ಕಾರ್ಲ್ ಅನ್ನೋ ಅಮೆರಿಕದ ಕಲಾವಿದೆ 1903ರಲ್ಲಿ ಚೀನಾದ ರಾಜಮಾತೆ ಸಿಶಿಯ ಭಾವಚಿತ್ರ ಬರೆಯೋಕೆ ಅರಮನೆಯಲ್ಲೇ ಉಳಿದುಕೊಂಡಿದ್ದಳು. ಅಲ್ಲಿನ ನಾಯಿಗಳ ಬಗ್ಗೆ ಆಕೆ ಬರೆದದ್ದು ಓದೋಕೆ ಚೆನ್ನಾಗಿದೆ. ಅಂಗಿಯ ತೋಳಿನೊಳಗೆ ಇಟ್ಟುಕೊಂಡು ಓಡಾಡೋ 'ತೋಳುನಾಯಿ'ಗಳನ್ನು ಸಿಹಿತಿಂಡಿ ಮತ್ತು ದ್ರಾಕ್ಷಾರಸ ಕೊಟ್ಟು ಬೆಳೆಯದ ಹಾಗೆ ಮಾಡುತ್ತಿದ್ದರಂತೆ. ರಾಜಮಾತೆಗೆ ಈ ಕೃತಕ ಕುಬ್ಜತನ ಇಷ್ಟವಿರಲಿಲ್ಲ ಅಂತಲೂ ಹೇಳುತ್ತಾಳೆ. ಸಿಶಿಯ ಬಗ್ಗೆ ಏನೇನೋ ಕ್ರೂರ ಕಥೆಗಳಿವೆ, ಈ ಒಂದು ವಿಷಯದಲ್ಲಿ ಮಾತ್ರ ನಾನು ಆಕೆಯ ಪಕ್ಷ.

ಈಗ ನಮ್ಮ ಕಾಲಕ್ಕೆ ಬರೋಣ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಬಂತಲ್ಲ, ಹುಡುಗ ಹೋದಲ್ಲೆಲ್ಲ ಹಿಂದೆ ಹೋಗೋ ಪಗ್ ನಾಯಿ? ಆಮೇಲೆ ಎಲ್ಲರಿಗೂ 'ಹಚ್ ನಾಯಿ' ಬೇಕಾಯ್ತು. (ಹುಚ್ಚುನಾಯಿ ಅಂತ ಕೇಳಿಸಿ ಗಾಬರಿಯಾದ ಅಜ್ಜಂದಿರೂ ಇದ್ದಾರೆ :) ) ಪಗ್ ಕೂಡ ಮೂಲದಲ್ಲಿ ಚೀನಾದ ನಾಯಿಯೇ. ನಮ್ಮ ಬೀದಿಯ ಆಂಟಿಯೊಬ್ಬರು ಆಗ ಐದು ವಾರದ ಮರಿ ತಂದಿದ್ದರು. "ಎಷ್ಟು ಸಾಧು ಗೊತ್ತಾ, ಇಟ್ಟ ಕಡೆ ಇರುತ್ತೆ, ಒಂದು ಸದ್ದಿಲ್ಲ" ಅಂತ ಬಂದವರಿಗೆಲ್ಲ ಹೇಳೋರು. ಮೂರನೇ ದಿನ ಬೆಳಗ್ಗೆ ಅದಕ್ಕೆ ತಲೆ ಎತ್ತೋಕೂ ಆಗಲಿಲ್ಲ, ಮೈ ತಣ್ಣಗಾಗಿತ್ತು. ದವಾಖಾನೆಯ ಡಾಕ್ಟರು ನೋಡಿ, "ಇದು ಸಾಧುತನ ಅಲ್ಲಮ್ಮ, ಹಸಿವು" ಅಂದರು. ಮೈ ಬೆಚ್ಚಗೆ ಮಾಡಿ, ಗ್ಲೂಕೋಸ್ ಕೊಟ್ಟ ಸ್ವಲ್ಪ ಹೊತ್ತಿಗೆ ಅದು ಕಣ್ಣುಬಿಟ್ಟು ಕುಂಯ್ ಅಂತು.

ಆಗಿದ್ದು ಇಷ್ಟೇ. ಅಷ್ಟು ಚಿಕ್ಕ ಮರಿಯ ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಬಹಳ ಕಮ್ಮಿ, ಮೈಯಲ್ಲಿ ಮಾಂಸ ಕೊಬ್ಬು ಎರಡೂ ಕಮ್ಮಿ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಹಾಗಾಗಿ ಶಾಖ ಬೇಗ ಸೋರಿಹೋಗುತ್ತೆ. ದೊಡ್ಡ ಜಾತಿಯ ಮರಿ ಒಂದು ಹೊತ್ತು ಉಪವಾಸ ತಡೆದುಕೊಳ್ಳಬಹುದು. ಇದಕ್ಕೆ ಕೆಲವೇ ಗಂಟೆ ತಪ್ಪಿದರೂ ರಕ್ತದ ಸಕ್ಕರೆ ಕುಸಿದು, ಮೊದಲು ಮಂಕು, ಆಮೇಲೆ ತೂರಾಟ, ಆಮೇಲೆ ಫಿಟ್ಸ್. ಅದಕ್ಕೇ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಊಟ. ಮಂಕಾದರೆ ಒಸಡಿಗೆ ಸ್ವಲ್ಪ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಸವರಿ, ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟು ಡಾಕ್ಟರ ಹತ್ತಿರ ಓಡಬೇಕು. ಪ್ರಜ್ಞೆ ಇಲ್ಲದ ಮರಿಯ ಬಾಯಿಗೆ ಹಾಲು ಹೊಯ್ಯಬಾರದು, ಶ್ವಾಸಕೋಶಕ್ಕೆ ಹೋಗುತ್ತೆ. ಮೈ ತಣ್ಣಗಿರುವಾಗ ಹೊಟ್ಟೆ ತುಂಬಿಸಲೂಬಾರದು. ಮೊದಲು ಶಾಖ, ಆಮೇಲೆ ಊಟ. ಇನ್ನು ಹಸುವಿನ ಹಾಲು ಕೊಟ್ಟರೆ ಆಯ್ತು ಅನ್ನುವವರಿಗೆ ಒಂದು ಮಾತು: ತಾಯಿನಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಪ್ರೋಟೀನು ಮತ್ತು ಕೊಬ್ಬು ಇರುತ್ತೆ, ಹಾಲಿನ ಸಕ್ಕರೆ ಮಾತ್ರ ಕಮ್ಮಿ. ಹಸುವಿನ ಹಾಲು ಕುಡಿದು ಮರಿ ಭೇದಿ ಮಾಡಿಕೊಳ್ಳೋದು ಇದಕ್ಕೇ.

ಆದರೆ ಮಂಕಾಗಿ ಮೂಲೆ ಹಿಡಿದ ಮರಿಗಳಿಗೆಲ್ಲ ಹಸಿವೇ ಕಾರಣ ಅಲ್ಲ. ಯೂರೋಪಿನಲ್ಲಿ ನೂರೈವತ್ತು ಇನ್ನೂರು ವರ್ಷ ಕಾಲ ಮರಿಗಳನ್ನು ಗುಡಿಸಿ ಹಾಕಿದ್ದು ಡಿಸ್ಟೆಂಪರ್. ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ ಗೊತ್ತಲ್ಲ, ಆತನೇ 1809ರಲ್ಲಿ ಬೇಟೆನಾಯಿಗಳಲ್ಲಿ ಈ ರೋಗ ಹೇಗೆ ಬರುತ್ತೆ ಅಂತ ವಿವರವಾಗಿ ಬರೆದ. ಇದು ಕಣ್ಣಿಗೆ ಕಾಣದ ವೈರಸ್ ಅಂತ ಫ್ರಾನ್ಸಿನ ಆನ್ರಿ ಕಾರೆ ತೋರಿಸಿದ್ದು 1905ರಲ್ಲಿ. ಆದರೂ ಮದ್ದಿಲ್ಲ. ಕೊನೆಗೆ 1920ರ ದಶಕದಲ್ಲಿ ಇಂಗ್ಲೆಂಡಿನ 'ದಿ ಫೀಲ್ಡ್' ಅನ್ನೋ ಬೇಟೆ-ಹಳ್ಳಿಗಾಡಿನ ಪತ್ರಿಕೆ ಓದುಗರಿಂದ ಚಂದಾ ಎತ್ತಿತು! ಆ ದುಡ್ಡಿನಲ್ಲಿ ಲೇಡ್ಲಾ ಮತ್ತು ಡಂಕಿನ್ ಎಂಬ ಇಬ್ಬರು ಲಂಡನ್ನಿನ ಮಿಲ್ ಹಿಲ್‌ನಲ್ಲಿ ಕೆಲಸ ಮಾಡಿ ಲಸಿಕೆ ತಯಾರಿಸಿದರು. ನಾಯಿ ಸಾಕಿದವರ ಪುಡಿಗಾಸಿನಿಂದ ಆದ ವಿಜ್ಞಾನ ಇದು.

ಇದಕ್ಕೊಂದು ಬಾಲ ಇದೆ. ಡಿಸ್ಟೆಂಪರ್ ಪ್ರಯೋಗಕ್ಕೆ ಅವರು ಬಳಸಿದ್ದು ಫೆರೆಟ್ ಅನ್ನೋ, ಮುಂಗುಸಿಯಂತೆ ಕಾಣೋ ಪ್ರಾಣಿಯನ್ನ. ಅದೇ ಪ್ರಯೋಗಾಲಯದಲ್ಲಿ 1933ರಲ್ಲಿ ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಮನುಷ್ಯರ ಫ್ಲೂ ರೋಗಿಯ ಗಂಟಲಿನ ದ್ರವವನ್ನು ಫೆರೆಟ್ ಮೂಗಿಗೆ ಹಾಕಿದರು. ಫೆರೆಟ್ ಸೀನಿತು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಸಿಕ್ಕಿದ್ದು ಹಾಗೆ.

ಮರಿಗಳು ನಮಗೆ ಕೊಟ್ಟ ಇನ್ನೊಂದು ಉಪಕಾರದ ಕಥೆ ಅಷ್ಟು ಹಗುರವಾಗಿ ಹೇಳೋಕಾಗಲ್ಲ. ಆಗ ಬ್ರಿಟನ್ನಿನ ಕೈಗಾರಿಕಾ ಊರುಗಳ ಮಕ್ಕಳಲ್ಲಿ ರಿಕೆಟ್ಸ್, ಅಂದರೆ ಕಾಲಿನ ಮೂಳೆ ಬಾಗಿಹೋಗೋ ರೋಗ, ಮನೆಮಾತಾಗಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳನ್ನು ಒಳಗೇ ಕೂಡಿಹಾಕಿ, ಬ್ರೆಡ್ಡು, ಓಟ್ಸ್ ಗಂಜಿಯಂಥ ಆಹಾರದ ಮೇಲೇ ಬೆಳೆಸಿದ. ಮರಿಗಳು ಜಡವಾದವು, ಕಾಲು ಸೊಟ್ಟಗಾದವು. ಕಾಡ್ ಮೀನಿನ ಲಿವರ್ ಎಣ್ಣೆ ಕೊಟ್ಟಾಗ ರೋಗ ತಡೆಯಿತು. 1919ರಲ್ಲಿ ಇದನ್ನು ಪ್ರಕಟಿಸಿದ. ಎಣ್ಣೆಯಲ್ಲಿದ್ದದ್ದು ವಿಟಮಿನ್ ಎ ಅಲ್ಲ, ಬೇರೆಯದೇ ಅಂತ ಅಮೆರಿಕದ ಮೆಕಾಲಮ್ 1922ರಲ್ಲಿ ತೋರಿಸಿದ ಮೇಲೆ ಅದಕ್ಕೆ ವಿಟಮಿನ್ ಡಿ ಅನ್ನೋ ಹೆಸರು ಬಂತು. ಎಷ್ಟೋ ಮಕ್ಕಳ ಕಾಲು ನೆಟ್ಟಗಾಯಿತು ನಿಜ. ಆ ಮರಿಗಳ ಹೆಸರನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ, ಚಿತ್ರವನ್ನೂ ರಾಣಿಯ ಗೋಡೆಗೆ ಹಾಕಲಿಲ್ಲ.

ಅಂದಹಾಗೆ, ಮರಿಯನ್ನು ಎಳೆಬಿಸಿಲಿಗೆ ಬಿಟ್ಟರೆ ಮೂಳೆ ಗಟ್ಟಿಯಾಗುತ್ತೆ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಅದು ನಮಗೆ ಸರಿ. ನಾಯಿಯ ಚರ್ಮ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ತಯಾರಿಸಿಕೊಳ್ಳಲ್ಲ. ಅದಕ್ಕೆ ಊಟದಿಂದಲೇ ಬರಬೇಕು. ಬಿಸಿಲು ಮೈ ಬೆಚ್ಚಗಾಗೋಕೆ ಮಾತ್ರ.

ಡಿಸ್ಟೆಂಪರ್ ಹತೋಟಿಗೆ ಬಂತು ಅನ್ನೋ ಹೊತ್ತಿಗೆ 1978ರಲ್ಲಿ ಪಾರ್ವೋ ಕಾಣಿಸಿಕೊಂಡಿತು. ಬೆಕ್ಕಿನ ರೋಗದ ವೈರಸ್ಸಿಗೆ ತೀರಾ ಹತ್ತಿರದ ಸಂಬಂಧಿ. ಎರಡೇ ವರ್ಷದಲ್ಲಿ ಪ್ರಪಂಚ ಸುತ್ತಿಬಿಟ್ಟಿತು. ಮಂಕು, ವಾಂತಿ, ರಕ್ತಭೇದಿ, ಎರಡು ಮೂರು ದಿನಕ್ಕೆ ಮರಿ ಇಲ್ಲ. ಲಸಿಕೆ ಬೇಗನೆ ಬಂದರೂ ಇವತ್ತಿಗೂ ನಮ್ಮ ಊರುಗಳಲ್ಲಿ ಮರಿಗಳನ್ನು ಅತಿ ಹೆಚ್ಚು ಒಯ್ಯುವವುಗಳಲ್ಲಿ ಇದೂ ಒಂದು.

ಒಂದು ಸಲ ಚುಚ್ಚಿದ್ದೀವಲ್ಲ, ಮತ್ತೆ ಮತ್ತೆ ಯಾಕೆ ದುಡ್ಡು ಕೀಳ್ತಾರೆ ಅಂತ ಗೊಣಗೋರು ಬಹಳ ಜನ. ಕಾರಣ ಇದೆ. ಹುಟ್ಟಿದ ಮೊದಲ ದಿನ ತಾಯಿಯ ಗಿಣ್ಣುಹಾಲಿನಿಂದ ಮರಿಗೆ ರಕ್ಷಣೆ ಬರುತ್ತೆ. ಆ ರಕ್ಷಣೆ ಇರೋ ತನಕ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಅದು ಒಂದು ಮರಿಯಲ್ಲಿ ಆರನೇ ವಾರಕ್ಕೆ ಮುಗಿಯಬಹುದು, ಇನ್ನೊಂದರಲ್ಲಿ ಹದಿನಾಲ್ಕನೇ ವಾರಕ್ಕೆ. ಯಾವಾಗ ಅಂತ ಹೊರಗಿಂದ ತಿಳಿಯದ್ದರಿಂದಲೇ ಆರು-ಎಂಟು ವಾರಕ್ಕೆ ಶುರುಮಾಡಿ ಹದಿನಾರು ವಾರ ದಾಟೋವರೆಗೆ ಎರಡು, ಮೂರು, ನಾಲ್ಕು ವಾರಕ್ಕೊಮ್ಮೆ ಕೊಡ್ತಾ ಹೋಗೋದು.

2017ರಲ್ಲಿ ಕೇಂದ್ರ ಸರ್ಕಾರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳನ್ನು ತಂದು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ ಹೇಳಿತು. ಅಂಗಡಿಯವನು ಅಂಗೈ ಮೇಲೆ ಇಟ್ಟು ತೋರಿಸೋ ಮರಿಯ ವಯಸ್ಸನ್ನು ಹಲ್ಲಿನಿಂದ ಅಂದಾಜು ಮಾಡಬಹುದು. ಮುಂದಿನ ಪುಟ್ಟ ಹಲ್ಲುಗಳು ಇನ್ನೂ ಈಗಷ್ಟೇ ಮೊಳೆಯುತ್ತಿದ್ದರೆ ಅದಕ್ಕೆ ನಾಲ್ಕೋ ಐದೋ ವಾರ. ಅವನು ಎಷ್ಟೇ ಆಣೆ ಪ್ರಮಾಣ ಮಾಡಲಿ, ಅದನ್ನು ತಾಯಿ ಹತ್ತಿರ ವಾಪಸ್ ಬಿಡೋಕೆ ಹೇಳಿ.