ಹಾರದ ತುದಿಯ ಗಂಟು: ನಮ್ಮೊಳಗಿನ ಚರಿತ್ರೆ, ಭಾಗ 4

ಗುಂಡ್ಲುಪೇಟೆ ಕಡೆ ಚೆಂಡುಹೂ ಹಾರ ಕಟ್ಟೋದನ್ನ ನೋಡಿರ್ತೀರ. ದಾರದ ತುದೀಲಿ ಗಂಟು ಹಾಕದಿದ್ರೆ ಹೂ ಒಂದೊಂದಾಗಿ ಜಾರಿಹೋಗುತ್ತೆ. ನಿಮ್ಮ ಜೀವಕೋಶದ ಪ್ರತಿ ಕ್ರೋಮೋಸೋಮ್ ತುದಿಗೂ ಅಂಥದೊಂದು ಗಂಟಿದೆ. ಹೆಸರು ಟೆಲೋಮಿಯರ್.

ಜೀವಕೋಶ ಎರಡಾಗೋ ಮುಂಚೆ ಡಿಎನ್‌ಎ ನಕಲಾಗಬೇಕು. ಆದರೆ ನಕಲು ಮಾಡೋ ಕಿಣ್ವ ತುದಿವರೆಗೂ ಪೂರ್ತಿ ಹೋಗಲ್ಲ, ಪ್ರತಿ ಸಲ ಗಂಟು ಸ್ವಲ್ಪ ಸವೆಯುತ್ತೆ ಅಂತ 1971ರಲ್ಲಿ ರಷ್ಯಾದ ಅಲೆಕ್ಸಿ ಒಲೊವ್ನಿಕೊವ್ ಹೇಳಿದ್ರು. ತೀರಾ ಸವೆದ್ರೆ ಕೋಶ ಮುದಿಯಾಗುತ್ತೆ. ಆ ಸವೆತ ತುಂಬೋ ಟೆಲೋಮರೇಸ್ ಕಿಣ್ವವನ್ನ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರೊಲ್ ಗ್ರೈಡರ್ ಅಮೆರಿಕದಲ್ಲಿ ಪತ್ತೆ ಮಾಡಿದ್ರು. 2009ರಲ್ಲಿ ಅವರಿಗೆ ನೊಬೆಲ್ ಬಂತು.

ಸಾಮಾನ್ಯವಾಗಿ ಕಥೆ ಇಲ್ಲಿಗೇ ಮುಗಿಸಿಬಿಡ್ತಾರೆ. ಆದರೆ ಇದರ ಒಂದು ಪುಟ ನಮ್ಮ ರಾಜ್ಯದಲ್ಲೂ ಬರೆದಿದ್ದಾರೆ.

ಚಾಮರಾಜನಗರದ ಹಳೇ ಹೆಸರು ಅರಿಕುಠಾರ ಅಂತ ಗೊತ್ತಲ್ವಾ? 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿಗೆ ತಮ್ಮ ತಂದೆಯ ಹೆಸರಿಟ್ರು. ಅದೇ ಮನೆತನ ಮುಂದೆ ಬೆಂಗಳೂರಲ್ಲಿ 371 ಎಕರೆ ಕೊಟ್ಟಿತು. ಅಲ್ಲಿ ಎದ್ದಿದ್ದೇ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್.

ಅಲ್ಲಿನ ಕೆ.ಎಂ. ಕಿರೋನ್ಮಯಿ ಮತ್ತು ಕೆ. ಮುನಿಯಪ್ಪ ಈಸ್ಟ್‌ನಲ್ಲಿರೋ ‘ರ‍್ಯಾಡ್50’ ಜೀನ್ ಹಿಂದೆ ಬಿದ್ದಿದ್ರು. ಹೌದು, ಬ್ರೆಡ್ಡಿಗೆ ಹಾಕೋ ಅದೇ ಈಸ್ಟ್! ತುಂಡಾದ ಡಿಎನ್‌ಎ ರಿಪೇರಿ ಮಾಡೋದು ಈ ಜೀನಿನ ಕೆಲಸ. ಇದು ಕೆಟ್ಟರೆ ಈಸ್ಟ್ ವಿಕಿರಣ ತಡೆಯಲ್ಲ. 1997ರಲ್ಲಿ ಅವರು ತೋರಿಸಿದ್ದು ಇನ್ನೊಂದು ವಿಷಯ: ಇದು ಕೆಟ್ಟರೆ ಟೆಲೋಮಿಯರ್ ಕೂಡ ಬದಲಾಗುತ್ತೆ, ಕೋಶಗಳು ಮುದಿಯಾಗುತ್ತವೆ. ಅಂದ್ರೆ, ಹರಿದ ದಾರ ಜೋಡಿಸೋ ಕೈಯೇ ತುದಿಯ ಗಂಟನ್ನೂ ಕಾಯ್ತಿತ್ತು.

ಈ ಜೀನ್ ಮನುಷ್ಯರಲ್ಲೂ ಇದೆ, 5ನೇ ಕ್ರೋಮೋಸೋಮಿನಲ್ಲಿ. 2000ದಲ್ಲಿ ನ್ಯೂಯಾರ್ಕಿನ ಟಿಟಿಯಾ ಡಿ ಲಾಂಗೆ ಅವರ ತಂಡ ಇದರ ಪ್ರೋಟೀನ್ ಮನುಷ್ಯರ ಟೆಲೋಮಿಯರ್ ಮೇಲೂ ಕೂರುತ್ತೆ ಅಂತ ತೋರಿಸಿತು. ಡಿಎನ್‌ಎ ನಕಲು ಅರ್ಧಕ್ಕೆ ಸಿಕ್ಕಿಹಾಕಿಕೊಂಡಾಗಲೂ ಇದು ನೆರವಿಗೆ ಬರುತ್ತೆ.

ಅಪ್ಪ, ಅಮ್ಮ ಇಬ್ಬರಿಂದ ಬಂದ ಎರಡೂ ಪ್ರತಿ ಕೆಟ್ಟಿದ್ರೆ? 2009ರಲ್ಲಿ ಅಂಥ ಒಬ್ಬ ರೋಗಿಯ ವರದಿ ಬಂತು: ಚಿಕ್ಕ ತಲೆ, ಕುಂಠಿತ ಬೆಳವಣಿಗೆ, ವಿಕಿರಣ ತಾಳದ ಕೋಶಗಳು. ಈಸ್ಟ್ ಮೇಲಿನ ಕೆಲಸ ಯಾಕೆ ಮುಖ್ಯ ಅಂತ ಈಗ ಗೊತ್ತಾಯ್ತಲ್ಲ.

ಪಿಯುಸಿ ಗೆಳೆಯರೇ, ಬಯಾಲಜಿ ತಗೊಂಡಿದ್ದಕ್ಕೆ “ಡಾಕ್ಟರ್ ಆಗ್ತೀಯಾ?” ಅಂತ ಯಾರಾದ್ರೂ ಕೇಳಿದ್ರೆ, ಇನ್ನೊಂದು ದಾರಿನೂ ಇದೆ ಅನ್ನಿ. ಆ ದಾರಿಗೂ ನಮ್ಮೂರಿಂದಲೇ ಬಸ್ ಸಿಗುತ್ತೆ.

#ನಮ್ಮೊಳಗಿನಚರಿತ್ರೆ #ಚಾಮರಾಜನಗರ #ಗುಂಡ್ಲುಪೇಟೆ